ಕೇಳದೆ ನಡೆದ ದಾರಿ

ಸೆಪ್ಟೆಂಬರ್ 24, ಮಂಗಳವಾರ

ಗೇಟಿಗೆ ಬೀಗ ಬಿದ್ದಿದೆ. ಬೆಳಿಗ್ಗೆ ಒಂಬತ್ತಕ್ಕೆ ಕ್ಲಿಫರ್ಡ್‌ಗೆಂದು ಮಾಡಿದ ಸೂಪನ್ನು ಫ್ಲಾಸ್ಕಿಗೆ ತುಂಬಿಕೊಂಡು ಹೊರಟರೆ, ಹುಲ್ಲುಗಾವಲಿನ ಗೇಟಿಗೆ ಬೆರಳು ದಪ್ಪದ ಸರಪಳಿ, ಪಕ್ಕದಲ್ಲಿ ಹೊಸ ಹಲಗೆ. ನನ್ನ ಕಣ್ಣಿಗೆ ಈಗ ನಡುವೆಲ್ಲ ಮಬ್ಬು, ಅಂಚು ಮಾತ್ರ ಸ್ಪಷ್ಟ. ಕೋಳಿಯ ಹಾಗೆ ಕತ್ತು ಓರೆ ಮಾಡಿ ಓದಿದೆ. "ಖಾಸಗಿ ಜಾಗ. ದಾರಿ ಇಲ್ಲ."

ದಾರಿ ಇಲ್ಲವಂತೆ! ಹಾಗಾದರೆ ನಲವತ್ತೊಂದು ವರ್ಷ ನಾನು ಯಾವುದರ ಮೇಲೆ ನಡೆದೆ? ಹುಲ್ಲುಗಾವಲು, ಅದರ ನಟ್ಟನಡುವೆ ಒಂಟಿಯಾಗಿ ನಿಂತ ನಮ್ಮ ಚರ್ಚು, ನದಿಯ ಒಡ್ಡು, ಆಲ್ಡರ್ ಮರಗಳ ತೋಪು, ಆಮೇಲೆ ಲೆಮ್‌ಬ್ರಿಡ್ಜ್ ಪೇಟೆ. ಲೆಮ್ ನದಿಯ ಗುಂಟ ಬರೀ ನಾಲ್ಕು ಮೈಲಿ. ರಸ್ತೆಯಲ್ಲಿ ಸುತ್ತಿ ಹೋದರೆ ಹನ್ನೊಂದು. ಬಸ್ಸು ನಿಂತು ಎರಡು ವರ್ಷವಾಯಿತು, ಕಾರು ಓಡಿಸುವ ಪರವಾನಗಿ ನನ್ನ ಕಣ್ಣಿನ ಜೊತೆಗೇ ಹೋಯಿತು. ಮಾರ್ಚಿನಲ್ಲಿ ಲಕ್ವ ಹೊಡೆದು ನನ್ನ ಗಂಡ ಕ್ಲಿಫರ್ಡ್ ಪೇಟೆಯ ಆರೈಕೆ ಮನೆ ಸೇರಿದಂದಿನಿಂದ ಮಂಗಳವಾರ, ಗುರುವಾರ, ಶನಿವಾರ ನಾನು ಈ ದಾರಿ ಹಿಡಿದು ಹೋಗಿ ಅವನಿಗೆ ಮಧ್ಯಾಹ್ನದ ಊಟ ತಿನ್ನಿಸಿ ಬರುತ್ತೇನೆ. ಬೇರೆಯವರ ಕೈಯಲ್ಲಿ ಅವನು ಸರಿಯಾಗಿ ತಿನ್ನುವುದಿಲ್ಲ.

ಹಿಂದಕ್ಕೆ ತಿರುಗುವಾಗ ಗೇಟಿನ ಕಂಬಕ್ಕೆ ಭುಜ ತಾಗಿತು. "ಕ್ಷಮಿಸಿ" ಅಂದೆ, ಕಂಬಕ್ಕೆ.

ಮನೆಗೆ ಬಂದು ಫೋನು ಮಾಡಿದೆ. ಅವನನ್ನು ನೋಡಿಕೊಳ್ಳುವ ಇಫಿಯೋಮಾ ಸುಳ್ಳು ಹೇಳುವವಳಲ್ಲ. "ಎರಡು ಚಮಚ ಅಷ್ಟೇ, ಮಿಸೆಸ್ ಸ್ಟೋಕ್. ಮೂರನೇದಕ್ಕೆ ಬಾಯಿ ಮುಚ್ಚಿಬಿಟ್ರು. ಬಾಗಿಲ ಕಡೆನೇ ನೋಡ್ತಾ ಇದ್ರು." ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಇಟ್ಟೆ. ಸೂಪು ನಾನೇ ಕುಡಿದೆ.

ಸೆಪ್ಟೆಂಬರ್ 26, ಗುರುವಾರ

ಗುರುವಾರ ಅಂಚೆ ಅಂಗಡಿ ಅರ್ಧ ದಿನ ರಜೆ, ಹಾಗಾಗಿ ಅಂಗಡಿಯ ಥೆಲ್ಮಾ ತನ್ನ ಕಾರಿನಲ್ಲಿ ಕರೆದುಕೊಂಡು ಹೋದಳು. ಕ್ಲಿಫರ್ಡ್ ಒಂದು ಬಟ್ಟಲು ಪೂರ್ತಿ ತಿಂದ. ಎಡಗೈಯಿಂದ ನನ್ನ ತೋಳು ಹಿಡಿದುಕೊಂಡೇ ತಿಂದ, ಬಿಟ್ಟರೆ ಓಡಿಹೋಗುತ್ತೇನೆ ಅನ್ನುವ ಹಾಗೆ.

ಬರುವಾಗ ಥೆಲ್ಮಾ ಖುಷಿಯಲ್ಲಿದ್ದಳು. ಜಗಳ ಸಿಕ್ಕಿದರೆ ಅವಳಿಗೆ ಹತ್ತು ವರ್ಷ ಕಡಿಮೆಯಾಗುತ್ತದೆ.

"ಅವನು ಬೀಗ ಹಾಕಿದ್ದೇ ಒಳ್ಳೇದಾಯ್ತು ಕಣೇ ಬೆರಿಲ್. ಈಗ ಕೌಂಟಿ ಕಚೇರಿಗೆ ಅರ್ಜಿ ಗುಜರಾಯಿಸ್ತೀನಿ. ಬೀಗ ಬಿದ್ದ ದಿನದಿಂದ ಹಿಂದಕ್ಕೆ ಎಣಿಸಿ ಇಪ್ಪತ್ತು ವರ್ಷ ಊರಿನೋರು ಕದ್ದುಮುಚ್ಚಿ ಅಲ್ದೆ, ಬೇಲಿ ಮುರೀದೆ, ಯಾರ ಅಪ್ಪಣೇನೂ ಕೇಳ್ದೆ ನಡೆದಿದ್ರೆ ದಾರಿ ಊರಿಂದು. ಕಾನೂನೇ ಹಾಗಿದೆ."

"ಅಪ್ಪಣೆ ಕೇಳಿದ್ರೆ?"

"ಕೇಳಿದ್ರೆ ಮುಗೀತು ಕಥೆ. ಕೇಳಿದೋನು ನೆಂಟ, ಕೇಳದೋನು ಹಕ್ಕುದಾರ. ಆದ್ರೆ ಹೊಲದ ದಾರಿಗೆ ಅಪ್ಪಣೆ ಕೇಳೋ ಅಷ್ಟು ಪೆದ್ದರು ನಮ್ಮೂರಲ್ಲಿ ಯಾರಿದ್ದಾರೆ ಹೇಳು?"

ಕಿಟಕಿಯ ಆಚೆ ನೋಡುತ್ತ ಕೂತೆ.

ಸೆಪ್ಟೆಂಬರ್ 28, ಶನಿವಾರ

ಹೋಗಲಾಗಲಿಲ್ಲ. ಮೂರು ಚಮಚ.

ಯಾರಿಗೂ ಹೇಳದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಆ ಪೆದ್ದು ನಾನೇ. ಮೂರು ವರ್ಷದ ಹಿಂದೆ ಮಿಸ್ಟರ್ ಹಾಲ್ಬರ್ಟ್ ಲಂಡನ್ನಿನಿಂದ ಬಂದು ಈ ಜಮೀನು ಕೊಂಡಾಗ, ಒಂದು ಬಾಟಲಿ ಡ್ಯಾಮ್‌ಸನ್ ಹಣ್ಣಿನ ಜ್ಯಾಮ್ ಹಿಡಿದುಕೊಂಡು ಅವರ ಬಾಗಿಲಿಗೆ ಹೋದೆ. "ನಾವು ಹೀಗೆ ನಿಮ್ಮ ಹುಲ್ಲುಗಾವಲಲ್ಲಿ ನಡೆದು ಹೋಗೋದ್ರಿಂದ ನಿಮಗೇನೂ ತೊಂದರೆ ಇಲ್ಲ ತಾನೆ?" ಅಂದೆ. "ಖಂಡಿತ ಇಲ್ಲ, ಧಾರಾಳವಾಗಿ ಬನ್ನಿ" ಅಂದರು. ಅಲ್ಲಿಗೆ ಸುಮ್ಮನಾದೆನೇ? ಕ್ರಿಸ್‌ಮಸ್ಸಿಗೆ ಕಾರ್ಡು ಬೇರೆ ಕಳಿಸಿದೆ. "ನಮ್ಮೂರಿನವರೆಲ್ಲರ ಪರವಾಗಿ, ತಾವು ಕೊಟ್ಟ ಅಪ್ಪಣೆಗೆ ಹೃತ್ಪೂರ್ವಕ ಕೃತಜ್ಞತೆಗಳು." ಒಂದೊಂದು ಅಕ್ಷರವೂ ನೆನಪಿದೆ. ಆಗ ಕ್ಲಿಫರ್ಡ್ ನೆಟ್ಟಗಿದ್ದ, ನನ್ನ ಭುಜದ ಮೇಲಿಂದ ಓದಿ ನಕ್ಕಿದ್ದ. "ಊರಿನ ಪರವಾಗಿ ನಿನ್ನನ್ನ ಯಾರು ನೇಮಿಸಿದ್ರು, ಬೆರ್?"

ಯಾರೂ ಇಲ್ಲ. ಶಾಲೆಯ ಅಡಿಗೆಮನೆಯಲ್ಲಿ ಮೂವತ್ತು ವರ್ಷ ಬಡಿಸಿದೆ, ಆಲೂಗಡ್ಡೆ ಮುಗಿದರೆ ಐದು ವರ್ಷದ ಮಕ್ಕಳ ಹತ್ತಿರವೂ ಕ್ಷಮೆ ಕೇಳುತ್ತಿದ್ದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ನಾನು ಬರೆದೂ ಕೊಟ್ಟಿದ್ದೇನೆ.

ಅಕ್ಟೋಬರ್ 3, ಗುರುವಾರ

ಥೆಲ್ಮಾ ಅರ್ಜಿಯ ಕಾಗದ ಕೊಟ್ಟಿದ್ದಾಳೆ. ಹನ್ನೊಂದು ಜನ ಆಗಲೇ ತುಂಬಿದ್ದಾರೆ. ಎಲ್ಲರಿಗಿಂತ ಹೆಚ್ಚು ವರ್ಷ ನಡೆದವಳು ನಾನಾದ್ದರಿಂದ ನನ್ನದೇ ಬಲವಾದ ಸಾಕ್ಷಿಯಂತೆ. ದಪ್ಪ ನಿಬ್ಬಿನ ಪೆನ್ನಿನಲ್ಲಿ ಹೆಸರು, ವಿಳಾಸ, ವರ್ಷ ಎಲ್ಲ ಬರೆದೆ. "ನೀವು ಎಂದಾದರೂ ಅಪ್ಪಣೆ ಕೇಳಿದ್ದಿರಾ, ಅಥವಾ ಪಡೆದಿದ್ದಿರಾ?" ಅದರ ಮುಂದೆ ಖಾಲಿ ಬಿಟ್ಟೆ.

ಕ್ಲಿಫರ್ಡ್‌ನ ಕಾಲರ್ ಕುತ್ತಿಗೆಯಿಂದ ದೂರ ನಿಂತಿದೆ.

ಅಕ್ಟೋಬರ್ 5, ಶನಿವಾರ

ರಸ್ತೆಯಲ್ಲಿ ನಡೆದು ನೋಡೋಣವೆಂದು ಹೊರಟೆ. ಎರಡು ಕಡೆ ಎತ್ತರದ ಬೇಲಿ, ಕಾಲಿಡಲು ಅಂಚೇ ಇಲ್ಲ. ಎರಡನೇ ತಿರುವಿನಲ್ಲಿ ಬೀಟ್‌ರೂಟ್ ತುಂಬಿದ ಲಾರಿ ಎದುರಿಗೇ ಬಂತು. ನಡುವೆ ಬಂದದ್ದು ನನಗೆ ಕಾಣುವುದಿಲ್ಲವಲ್ಲ! ಸದ್ದು ಕೇಳಿ ಚರಂಡಿಗೆ ಹಾರಿದೆ. ಚಾಲಕ ಇಳಿದು ಬಂದು ಬೈದ. "ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ ಅಜ್ಜೀ?" ಕ್ಷಮೆ ಕೇಳಿದೆ. ಮನೆಗೆ ಬಂದು ಕೆಸರಾದ ಕಾಲುಚೀಲ ಒಗೆಯುತ್ತ ಅತ್ತೆ. ಇಡೀ ವಾರದಲ್ಲಿ ಅವನು ಒಂದೇ ಒಂದು ಊಟ ಮಾಡಿದ್ದಾನೆ, ನನ್ನ ಕೈಯಿಂದ.

ಅಕ್ಟೋಬರ್ 8, ಮಂಗಳವಾರ

ಮಿಸ್ಟರ್ ಹಾಲ್ಬರ್ಟ್ ಮನೆಗೆ ಬಂದಿದ್ದರು. ಕೆಟ್ಟ ಮನುಷ್ಯನಾಗಿದ್ದರೆ ಎಷ್ಟು ಸುಲಭವಿತ್ತು! ಬೂಟು ಹೊರಗೆ ಬಿಟ್ಟು, ಕಾಲುಚೀಲದಲ್ಲೇ ಒಳಗೆ ಬಂದು ಕೂತರು. ಚಹಾ ಮಾಡಿದೆ. ಬಿಸ್ಕತ್ತು ಮೆತ್ತಗಾಗಿದ್ದಕ್ಕೆ ಕ್ಷಮೆ ಕೇಳಿದೆ.

"ನಿಮ್ಮ ಯಜಮಾನರ ವಿಷಯ ನಂಗೆ ಗೊತ್ತೇ ಇರ್ಲಿಲ್ಲ, ಮಿಸೆಸ್ ಸ್ಟೋಕ್. ಬೀಗ ನಿಮಗೋಸ್ಕರ ಅಲ್ಲ. ಬೇಟೆಗೆ ಅಂತ ಸಾಕಿದ ಫೆಸೆಂಟ್ ಹಕ್ಕಿಗಳನ್ನ ಯಾರದೋ ನಾಯಿ ಹರಿದು ಹಾಕ್ತು. ತಗೊಳ್ಳಿ, ನಿಮಗೆ ಅಂತಾನೇ ಒಂದು ಬೀಗದ ಕೈ ತಂದಿದೀನಿ."

ಮೇಜಿನ ಮೇಲೆ ಬೀಗದ ಕೈ ಇಟ್ಟರು. ಅದರ ಪಕ್ಕದಲ್ಲಿ ಒಂದು ಕಾಗದವನ್ನೂ ಇಟ್ಟರು. ಅವರೇ ಓದಿ ಹೇಳಿದರು. ಶ್ರೀಮತಿ ಬೆರಿಲ್ ಸ್ಟೋಕ್ ಅವರೂ ಊರಿನ ಇತರರೂ ಹಿಂದಿನಿಂದ ಮಾಲೀಕರ ಅಪ್ಪಣೆಯ ಮೇಲೆಯೇ ಈ ಜಾಗದಲ್ಲಿ ನಡೆದಿರುತ್ತಾರೆ, ಶ್ರೀಮತಿ ಸ್ಟೋಕ್ ಅವರು ಮುಂದೆಯೂ ಹಾಗೆಯೇ ನಡೆಯತಕ್ಕದ್ದು.

"ಒಂದು ಸಹಿ ಹಾಕಿ, ನಾಳೆಯಿಂದ್ಲೇ ದಿನಾ ಬೇಕಾದ್ರೂ ಓಡಾಡಿ. ಹೇಗಿದ್ರೂ ನಿಮ್ಮ ಕಾರ್ಡು ನನ್ನ ಹತ್ರ ಇದೆಯಲ್ಲ, ಅದರಲ್ಲಿ ಬರ್ದಿದ್ದನ್ನೇ ವಕೀಲರು ಇಲ್ಲಿ ಬರ್ದಿದಾರೆ. ಬಹಳ ಚೆನ್ನಾಗಿತ್ತು ಆ ಕಾರ್ಡು."

"ಯೋಚನೆ ಮಾಡ್ತೀನಿ" ಅಂದೆ. ಬೀಗದ ಕೈಯನ್ನು ಸಹಿಯ ಜೊತೆಗೇ ಕೊಡುವುದಾಗಿ ಹೇಳಿ, ವಾಪಸು ಜೇಬಿಗೆ ಹಾಕಿಕೊಂಡು ಹೋದರು. ಬಾಗಿಲಲ್ಲಿ ನಿಂತು ಥ್ಯಾಂಕ್ಸ್ ಹೇಳಿದೆ. ಯಾತಕ್ಕೆ ಹೇಳಿದೆನೋ ದೇವರಿಗೇ ಗೊತ್ತು.

ಅಕ್ಟೋಬರ್ 9

ಅತ್ತ ದರಿ, ಇತ್ತ ಪುಲಿ. ಸಹಿ ಹಾಕಿದರೆ ದಿನವೂ ಕ್ಲಿಫರ್ಡ್‌ನ ಬಾಯಿಗೆ ಅನ್ನವಿದೆ. ಆದರೆ ಊರಿನ ದಾರಿ ನನ್ನ ಒಂದು ಗೆರೆಯಲ್ಲಿ ಮುಗಿದುಹೋಗುತ್ತದೆ.

ಅಕ್ಟೋಬರ್ 11

ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ.

ಅಕ್ಟೋಬರ್ 14, ಸೋಮವಾರ

ಸಂಜೆ ಇಫಿಯೋಮಾ ತಾನಾಗಿಯೇ ಫೋನು ಮಾಡಿದಳು. "ನಿನ್ನೆಯಿಂದ ಏನೂ ತಗೊಂಡಿಲ್ಲ. ನೀರೂ ಚೀಪಿ ಉಗೀತಾರೆ. ಡಾಕ್ಟ್ರು ಬಂದಿದ್ರು, ಬಲವಂತ ಮಾಡೋದು ಬೇಡ ಅಂದ್ರು. ಅಮ್ಮಾ, ನೀವು ಬರೋದಿದ್ರೆ ಗುರುವಾರದವರೆಗೆ ಕಾಯಬೇಡಿ." ಅವಳು ನನ್ನನ್ನು ಯಾವತ್ತೂ ಅಮ್ಮಾ ಅಂದಿರಲಿಲ್ಲ.

ಥೆಲ್ಮಾ ಮಗಳ ಮನೆಗೆ ಹೋಗಿದ್ದಾಳೆ, ನಾಳೆ ಸಂಜೆಗೆ ಬರುತ್ತಾಳಂತೆ. ಬಾಡಿಗೆ ಕಾರಿನವನು ನಾಳೆ ಶಾಲೆಯ ಮಕ್ಕಳನ್ನು ಬಿಟ್ಟು ಹನ್ನೆರಡರ ಮೇಲೆ ನೋಡುತ್ತೇನೆ ಅಂದ. ಮಾತು ಕೊಡಲಿಲ್ಲ.

ಅಕ್ಟೋಬರ್ 15, ಮಂಗಳವಾರ

ಕೈ ನೋಯುತ್ತಿದೆ, ಆದರೂ ಎಲ್ಲ ಬರೆಯಬೇಕು.

ಬೆಳಗಾಗುತ್ತಲೇ ಹೊರಟೆ. ಸಹಿಯಿಲ್ಲದ ಕಾಗದವೂ ಪೆನ್ನೂ ಕೋಟಿನ ಜೇಬಿನಲ್ಲಿದ್ದವು. ಗೇಟಿನ ಹತ್ತಿರ ನಿಂತು ಯೋಚಿಸಿದೆ. ಹಾಲ್ಬರ್ಟರ ಮನೆಗೆ ಹೋಗಿ, ಸಹಿ ಹಾಕಿ, ಬೀಗದ ಕೈ ಪಡೆದು ಬರಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ನನ್ನಲ್ಲಿರಲಿಲ್ಲ. ಎಪ್ಪತ್ತನಾಲ್ಕು ವಯಸ್ಸಿನ ಮುದುಕಿ ಐದು ಅಡ್ಡಪಟ್ಟಿಯ ಗೇಟು ಹತ್ತುವುದನ್ನು ಯಾರೂ ನೋಡಲಿಲ್ಲ, ಪುಣ್ಯ. ಆಚೆ ಇಳಿಯುವಾಗ ಒದ್ದೆ ಮರ ಜಾರಿ ಎಡಗೈ ಮೇಲೆ ಬಿದ್ದೆ. ಮಣಿಕಟ್ಟಿನಲ್ಲಿ ಏನೋ ಚಟ್ಟೆಂದಿತು. ಫ್ಲಾಸ್ಕು ಒಡೆಯಲಿಲ್ಲ. ಮೊದಲು ಅದನ್ನೇ ಅಲ್ಲಾಡಿಸಿ ನೋಡಿದೆ.

ಮೂರು ವಾರ ಯಾರೂ ತುಳಿಯದೆ ಕಾಲುದಾರಿ ಆಗಲೇ ಮಾಸಿತ್ತು. ರಾತ್ರಿಯ ಮಳೆಗೆ ನದಿ ಉಕ್ಕಿ, ತಗ್ಗಿನ ಹುಲ್ಲೆಲ್ಲ ನೀರಿನಲ್ಲಿ ನಿಂತಿತ್ತು. ಮಂಜಿನಲ್ಲಿ ಚರ್ಚಿನ ಗೋಪುರ ಮಾತ್ರ ಕಾಣುತ್ತಿತ್ತು, ಅದೂ ನೇರ ನೋಡಿದರೆ ಮಾಯ, ಓರೆ ನೋಡಿದರೆ ಉಂಟು. ಆ ಗೋಪುರದಲ್ಲಿ ಕ್ಲಿಫರ್ಡ್ ಐವತ್ತು ವರ್ಷ ಗಂಟೆ ಬಾರಿಸಿದವನು. ಚರ್ಚಿನ ಕಟ್ಟೆಯ ಮೇಲೆ ಕೂತು ಕರವಸ್ತ್ರದಿಂದ ಕೈ ಬಿಗಿದು ಕಟ್ಟಿಕೊಂಡೆ. ಬೇಲಿಯ ತುಂಬ ಕೆಂಪು ಹಾಥಾರ್ನ್ ಹಣ್ಣು, ಅದಕ್ಕೆ ಮುಗಿಬಿದ್ದ ಹಕ್ಕಿಗಳು. ಎಲ್ಲರೂ ತಿನ್ನುತ್ತಿದ್ದಾರೆ, ನನ್ನ ಗಂಡನೊಬ್ಬ ಬಿಟ್ಟು. ಹಾಗೆಂದು ಗಟ್ಟಿಯಾಗಿಯೇ ಕೂಗಿದೆ. ಹಕ್ಕಿಗಳು ಎದ್ದು, ಒಂದು ಸುತ್ತು ಹಾಕಿ, ಮತ್ತೆ ಕೂತು ತಿನ್ನತೊಡಗಿದವು.

ಒಡ್ಡಿನಲ್ಲಿ ಸಾಲ್ಮನ್ ಮೀನು ಹಾರುತ್ತಿದ್ದವು. ಪ್ರತಿ ವರ್ಷ ಈ ದಿನಗಳಲ್ಲಿ ಹಾರುತ್ತವೆ, ಪ್ರತಿ ವರ್ಷ ನಾವಿಬ್ಬರೂ ನಿಂತು ಎಣಿಸುತ್ತಿದ್ದೆವು. ಇವತ್ತು ನಿಲ್ಲಲಿಲ್ಲ. ಕಣ್ಣಂಚಿನಲ್ಲಿ ಒಂದು ಮೇಲೆದ್ದು ಕಲ್ಲಿಗೆ ಬಡಿದು ಹಿಂದಕ್ಕೆ ಬಿದ್ದದ್ದು ಕಂಡಿತು. ಬೇಗ ಬೇಗ ಹೆಜ್ಜೆ ಹಾಕಿದೆ.

ಆಲ್ಡರ್ ತೋಪಿನಲ್ಲಿ ನೀರು ಮೊಣಕಾಲು ಮುಟ್ಟಿತು. ನಡುವೆ ಒಂದು ಕಡೆ ದಾರಿ ಎತ್ತ ಅನ್ನುವುದೇ ತಿಳಿಯಲಿಲ್ಲ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ. ಮರವೊಂದನ್ನು ಅಪ್ಪಿಕೊಂಡು ನಿಂತೆ. ಇಲ್ಲೇ ಕೂತುಬಿಟ್ಟರೆ ಯಾರಿಗೂ ತೊಂದರೆ ಇಲ್ಲ, ಯಾರ ಅಪ್ಪಣೆಯೂ ಬೇಡ ಅನ್ನಿಸಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಫ್ಲಾಸ್ಕಿನ ಸೂಪು ತಣ್ಣಗಾಗುತ್ತದೆ ಎಂಬ ಯೋಚನೆ ಬಂದದ್ದೇ, ಬಲಗಾಲು ತಾನಾಗಿ ಮುಂದೆ ಹೋಯಿತು.

ತೋಪಿನ ಆಚೆ ಹಾಲ್ಬರ್ಟರ ಜೀಪು ನಿಂತಿತ್ತು. ಹಕ್ಕಿಗಳಿಗೆ ಕಾಳು ಹಾಕಲು ಬಂದಿದ್ದರಂತೆ. ನನ್ನನ್ನು ನೋಡಿ ಗಾಬರಿಯಾದರು.

"ಅಯ್ಯೋ, ಇದೇನು ಅವಸ್ಥೆ ಮಿಸೆಸ್ ಸ್ಟೋಕ್! ಹತ್ತಿ, ಹತ್ತಿ. ಹತ್ತೇ ನಿಮಿಷದಲ್ಲಿ ಪೇಟೆಗೆ ಬಿಡ್ತೀನಿ."

ಜೀಪಿನೊಳಗಿನ ಬಿಸಿಗಾಳಿ ಮುಖಕ್ಕೆ ಬಡಿಯಿತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂ ಆಗಿತ್ತು.

"ಸಹಿ ನಿಧಾನಕ್ಕೆ ಹಾಕಿ ಪರವಾಗಿಲ್ಲ" ಅಂದರು. "ನೀವು ಇಲ್ಲಿ ಯಾವತ್ತಿದ್ರೂ ನನ್ನ ಅತಿಥಿ. ಅಷ್ಟು ಒಪ್ಕೊಂಡ್ರೆ ಸಾಕು."

ಕಾಲು ಕೆಳಗಿಳಿಸಿದೆ.

"ನಾನು ನಡೀತೀನಿ."

"ಹಟ ಮಾಡಬೇಡಿ. ಇನ್ನೂ ಎರಡು ಮೈಲಿ ಇದೆ. ಮತ್ತೆ, ಹೇಳಬಾರದು, ಆದ್ರೆ ನೀವೀಗ ಮಾಡ್ತಿರೋದು ಅತಿಕ್ರಮ ಪ್ರವೇಶ."

"ಇರಬಹುದು" ಅಂದು ಹೊರಟೆ. ಅವರು ಬಹಳ ಹೊತ್ತು ಜೀಪನ್ನು ನನ್ನ ಹಿಂದೆಯೇ ಮೆಲ್ಲಗೆ ಓಡಿಸಿಕೊಂಡು ಬಂದರು. ಆಮೇಲೆ ತಿರುಗಿಸಿಕೊಂಡು ಹೋದರು.

ಆರೈಕೆ ಮನೆ ಮುಟ್ಟಿದಾಗ ಒಂದೂಮುಕ್ಕಾಲು. ಊಟದ ಹೊತ್ತು ಮುಗಿದಿತ್ತು. ಕ್ಲಿಫರ್ಡ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಇಫಿಯೋಮಾ ನನ್ನ ಬೂಟು ಬಿಚ್ಚಿದಳು, ಕೈಗೆ ಸರಿಯಾಗಿ ಪಟ್ಟಿ ಕಟ್ಟಿದಳು, ಸೂಪು ಬಿಸಿ ಮಾಡಿ ತಂದಳು. ಅವನು ನನ್ನ ಒದ್ದೆ ತೋಳನ್ನು ಮುಟ್ಟಿ ನೋಡಿ, ವಕ್ರವಾದ ಬಾಯಲ್ಲಿ ಕಷ್ಟಪಟ್ಟು ಕೇಳಿದ. "ನೆ... ನೆಂದ್ಯಾ?"

"ಸ್ವಲ್ಪ" ಅಂದೆ.

ನಾಲ್ಕು ಚಮಚ ತಿಂದ. ಐದನೆಯದು ಗಲ್ಲದ ಮೇಲೆ ಹರಿಯಿತು. ಒರೆಸಿದೆ. ಮತ್ತೆ ಬಾಯಿ ತೆರೆಯಲಿಲ್ಲ.

ಸಂಜೆ ಥೆಲ್ಮಾ ಬಂದು ಕಾರಿನಲ್ಲಿ ಕರೆತಂದಳು. ದಾರಿಯಲ್ಲಿ ಕಾರ್ಡಿನ ವಿಷಯ ಪೂರ್ತಿ ಹೇಳಿದೆ. ಅವಳು ಕಾರನ್ನು ಬದಿಗೆ ನಿಲ್ಲಿಸಿದಳು.

"ಜ್ಯಾಮ್ ಬೇರೆ ಕೊಟ್ಟೆಯಾ?"

"ಕೊಟ್ಟೆ."

"ಡ್ಯಾಮ್‌ಸನ್ನಾ?"

"ಹೂಂ."

"ನನಗೆ ಮಾತ್ರ, ಈ ವರ್ಷ ಹಣ್ಣೇ ಸಿಗ್ಲಿಲ್ಲ, ಒಂದು ಬಾಟ್ಲಿನೂ ಇಲ್ಲ ಅಂದಿದ್ಯಲ್ಲೇ, ಘಾತುಕಿ!" ಅಂದು ಅಳತೊಡಗಿದಳು. ಕೋಪಕ್ಕೋ ದುಃಖಕ್ಕೋ ನನಗೆ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಹೇಳಿದಳು. "ನಿಜಾನೇ ಬರಿ. ಸುಳ್ಳು ಬರೆದು ಅವನು ಕಾರ್ಡು ತೋರಿಸಿದ್ರೆ ಎಲ್ಲರ ಮಾತೂ ಸುಳ್ಳಾಗತ್ತೆ. ಅರ್ಜಿ ಬಿದ್ದುಹೋಗಬಹುದು. ಬೀಳ್ಲಿ."

ಖಾಲಿ ಬಿಟ್ಟ ಜಾಗದಲ್ಲಿ ಈಗ ತಾನೇ ಬರೆದೆ. "ಹೌದು. ಒಮ್ಮೆ ಕೇಳಿದ್ದೆ. ಕೇಳು ಎಂದು ಊರಿನವರು ನನಗೆ ಹೇಳಿರಲಿಲ್ಲ." ಹಾಲ್ಬರ್ಟರ ಕಾಗದವನ್ನು ಒಲೆಗೆ ಹಾಕಿದೆ.

ಅಕ್ಟೋಬರ್ 21, ಸೋಮವಾರ

ನಿನ್ನೆ ಬೆಳಿಗ್ಗೆ ಹೋದ. ಭಾನುವಾರ. ನಾನು ಇರಲಿಲ್ಲ.

ಎಂಟರಂದು ಸಹಿ ಹಾಕಿದ್ದರೆ ಹನ್ನೆರಡು ದಿನ, ಹನ್ನೆರಡೂ ದಿನ ಹೋಗಬಹುದಿತ್ತು. ಯಾವ ಕಡೆಯಿಂದ ನೋಡಿದರೂ ಇದು ಸರಿಹೋಗುವುದಿಲ್ಲ. ಓರೆ ನೋಡಿದರೂ ಇಲ್ಲ.

ಅಕ್ಟೋಬರ್ 25, ಶುಕ್ರವಾರ

ಅಂತ್ಯಕ್ರಿಯೆ ಮಂಗಳವಾರಕ್ಕೆ. ಶವದ ಗಾಡಿ ಚರ್ಚಿಗೆ ಹಿಂದಿನ ರಸ್ತೆಯಿಂದ ಹೋಗುವುದೆಂದು ಮಾತಾಗಿತ್ತು. ಥೆಲ್ಮಾ ಇವತ್ತು ಬಂದು ಬಾಂಬು ಹಾಕಿದಳು.

"ಗಾಡಿ ಬೇಡ. ಮನೆಯಿಂದ ಹೆಗಲ ಮೇಲೆ, ಹುಲ್ಲುಗಾವಲಿನ ಮೇಲೆ. ಹೆಣ ಹೋದ ದಾರಿ ಊರ ದಾರಿ ಅಂತ ನಮ್ಮಜ್ಜಿ ಹೇಳ್ತಿದ್ಲು. ಒಂದ್ಸಲ ಹೆಣ ಹೊತ್ತು ದಾಟಿದ್ರೆ ಆಮೇಲೆ ರಾಜನಿಗೂ ಮುಚ್ಚೋಕಾಗಲ್ಲ."

"ಅದು ಕಾನೂನಲ್ಲಿದೆಯಾ?"

"ಕೌಂಟಿ ಕಚೇರಿ ಹುಡುಗನ್ನ ಕೇಳ್ದೆ. ಹಾಗೇನೂ ಇಲ್ಲ, ಬರೀ ಮೂಢನಂಬಿಕೆ ಅಂದ. ಅವನು ಹುಟ್ಟೋ ಮುಂಚೆ ನಮ್ಮಜ್ಜಿ ಸತ್ತಿದ್ಲು, ಅವನಿಗೇನು ಗೊತ್ತು!"

ಕಾನೂನಿನ ಹಂಗು ನನಗೂ ಸಾಕಾಗಿದೆ. ಆಗಲಿ ಅಂದೆ. ಕ್ಲಿಫರ್ಡ್‌ನ ಜೊತೆ ಗಂಟೆ ಬಾರಿಸುವವರು ಹೊರುತ್ತಾರಂತೆ. ಐದು ಜನರಿದ್ದಾರೆ, ಆರನೆಯವಳು ಥೆಲ್ಮಾ.

ಅಕ್ಟೋಬರ್ 29, ಮಂಗಳವಾರ

ನಿನ್ನೆ ಸಂಜೆ ಅವನನ್ನು ಮನೆಗೆ ತಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಎತ್ತಿದರು. ಚಳಿಯಿತ್ತು, ಬಿಸಿಲೂ ಇತ್ತು. "ಹಗುರ ಇದಾನೆ" ಅಂದ ಹೊತ್ತವರಲ್ಲೊಬ್ಬ, ಒಳ್ಳೆಯ ಮನಸ್ಸಿನಿಂದಲೇ. ಯಾಕೆ ಹಗುರವೆಂದು ನನಗೆ ಗೊತ್ತು. ಥೆಲ್ಮಾ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ನನ್ನನ್ನು ಹಿಡಿದಳು.

ಊರಿನ ಮೂವತ್ತು ಜನ ಹಿಂದೆ ಬಂದರು. ಗೇಟಿನ ಹತ್ತಿರ ಹೋಗಿ ನೋಡಿದರೆ ಸರಪಳಿ ಇರಲಿಲ್ಲ. ಗೇಟು ಹಾರುಹೊಡೆದಿತ್ತು. ಪಕ್ಕದಲ್ಲಿ ಮಿಸ್ಟರ್ ಹಾಲ್ಬರ್ಟ್, ಕಪ್ಪು ಕೋಟು, ಕೈಯಲ್ಲಿ ಟೋಪಿ.

"ಮಿಸೆಸ್ ಸ್ಟೋಕ್, ನನಗೆ ತುಂಬಾ ದುಃಖ ಆಗಿದೆ" ಅಂದರು. ಸುಳ್ಳಲ್ಲ. "ಇವತ್ತು ನೀವೆಲ್ಲ ಈ ಕಡೆಯಿಂದ್ಲೇ ಹೋಗಬಹುದು. ನನ್ನ ಪೂರ್ಣ ಒಪ್ಪಿಗೆ ಇದೆ."

ಪೆಟ್ಟಿಗೆ ನಿಂತಿತು. ಮೂವತ್ತು ಜನರೂ ನಿಂತರು. ತೆರೆದು ಹಿಡಿದ ಗೇಟಿನಲ್ಲಿ ಥ್ಯಾಂಕ್ಸ್ ಹೇಳದೆ ದಾಟಿದವರು ನಮ್ಮೂರಲ್ಲಿ ಹುಟ್ಟಿಲ್ಲ. ನನ್ನ ಹಿಂದೆ ಯಾರೋ "ಥ್ಯಾಂ..." ಅಂದು ಅಲ್ಲಿಗೇ ನುಂಗಿಕೊಂಡದ್ದು ಕೇಳಿಸಿತು.

"ಮುಚ್ಚಿ" ಅಂದೆ.

"ಏನಂದ್ರಿ?"

"ಗೇಟು ಮುಚ್ಚಿ, ಮಿಸ್ಟರ್ ಹಾಲ್ಬರ್ಟ್. ಬೀಗ ಹಾಕಿ."

ಅವರು ಥೆಲ್ಮಾಳ ಮುಖ ನೋಡಿದರು, ಪಾದ್ರಿಯ ಮುಖ ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಗೇಟು ಎಳೆದರು, ಸರಪಳಿ ಸುತ್ತಿದರು, ಬೀಗ ಹಾಕಿದರು. ಎರಡು ಸಲ ತಪ್ಪಿತು. ನಾನು ಕಾದೆ.

ಆಮೇಲೆ ಇಬ್ಬರು ಗಂಟೆಯವರು ಗೇಟು ಹತ್ತಿ ಆಚೆ ಇಳಿದರು. ಈಚೆಯವರು ಪೆಟ್ಟಿಗೆಯನ್ನು ತಲೆಗಿಂತ ಮೇಲಕ್ಕೆ ಎತ್ತಿದರು, ಮೇಲಿನ ಪಟ್ಟಿಯ ಮೇಲೆ ಅದು ಒಂದು ಗಳಿಗೆ ನಿಂತಿತು, ಆಚೆಯವರು ಭುಜ ಕೊಟ್ಟರು. ಹಾಗೆ ಒಬ್ಬೊಬ್ಬರಾಗಿ ಎಲ್ಲರೂ. ಪಾದ್ರಿ ತನ್ನ ನಿಲುವಂಗಿಯನ್ನು ಮೊಣಕಾಲ ತನಕ ಎತ್ತಿ ಹತ್ತಿದ. ಥೆಲ್ಮಾ ಮೇಲೆ ಕೂತು ಇಳಿಯಲಾರದೆ ಬೈಯುತ್ತಿದ್ದಳು.

ಎಲ್ಲರೂ ದಾಟಿದ ಮೇಲೆ ನಾನೊಬ್ಬಳೇ ಈಚೆ ಉಳಿದೆ. ಹಾಲ್ಬರ್ಟ್ ಕೈ ಚಾಚಿ "ನನ್ನ ಕೈ ಹಿಡ್ಕೊಳ್ಳಿ" ಅಂದರು. ಪಟ್ಟಿ ಕಟ್ಟಿದ ಎಡಗೈಯನ್ನು ಮೇಲಿನ ಮರಕ್ಕೆ ಹಾಕಿ, ನಾನೇ ಹತ್ತಿದೆ.